ಅಡುಗೆಮನೆಯಲ್ಲೂ ಕಾಫಿ ತೋಟದಲ್ಲೂ ಲೋಹಪ್ರೋಟೀನುಗಳನ್ನು ಗುರುತಿಸುವ ಬಗೆ

ಉಸಿರಿನೊಂದಿಗೆ ಒಳಬಂದ ಆಮ್ಲಜನಕವನ್ನು ಹಿಡಿದು ಕಾಲಿನ ಬೆರಳಿನವರೆಗೆ ಒಯ್ಯುವುದು, ಗಾಳಿಯಲ್ಲಿರುವ ಸಾರಜನಕವನ್ನು ಒಡೆದು ಗಿಡಕ್ಕೆ ಒಗ್ಗುವಂತೆ ಮಾಡುವುದು, ಎಲೆಯೊಳಗೆ ನೀರನ್ನು ಸೀಳಿ ಆಮ್ಲಜನಕವನ್ನು ಹೊರಬಿಡುವುದು, ಇವೆಲ್ಲ ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕಗಳಂಥ ಅಲೋಹಗಳಿಂದಷ್ಟೇ ಕಟ್ಟಿದ ಪ್ರೋಟೀನಿನ ಕೈಗೆ ಎಟುಕುವ ಕೆಲಸಗಳಲ್ಲ. ಇಂಥ ಕಡೆಗಳಲ್ಲಿ ಪ್ರೋಟೀನು ತನ್ನ ಮಡಿಕೆಗಳ ನಡುವೆ ಕಬ್ಬಿಣ, ತಾಮ್ರ, ಸತು, ಮ್ಯಾಂಗನೀಸ್, ಮಾಲಿಬ್ಡಿನಮ್ ಅಥವಾ ನಿಕ್ಕಲ್‌ನ ಕೆಲವೇ ಪರಮಾಣುಗಳನ್ನು ಹಿಡಿದುಕೊಂಡಿರುತ್ತದೆ. ಹೀಗೆ ಲೋಹವನ್ನು ಹಿಡಿದು ಕೆಲಸ ಮಾಡುವವುಗಳನ್ನು ಲೋಹಪ್ರೋಟೀನುಗಳು ಎನ್ನುತ್ತಾರೆ. ಈಗ ತಿಳಿದಿರುವ ಪ್ರೋಟೀನುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಯಾವುದಾದರೊಂದು ಲೋಹ ಬೇಕೇ ಬೇಕು.

ಪ್ರೌಢಶಾಲೆ ಮತ್ತು ಪಿಯು ತರಗತಿಗಳಲ್ಲಿ ಇವು ಹೆಸರುಗಳ ಪಟ್ಟಿಯಾಗಿ ಬಂದು, ಪರೀಕ್ಷೆ ಮುಗಿದೊಡನೆ ಮರೆತುಹೋಗುತ್ತವೆ. ಕೊಡಗಿನ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಹಾಗಾಗಬೇಕಾದ ಕಾರಣವಿಲ್ಲ, ಏಕೆಂದರೆ ಇಲ್ಲಿನ ಅಡುಗೆಮನೆ, ಗದ್ದೆ ಮತ್ತು ತೋಟಗಳಲ್ಲಿ ಈ ಪ್ರೋಟೀನುಗಳಲ್ಲಿ ಹಲವನ್ನು ದುಬಾರಿ ಉಪಕರಣವಿಲ್ಲದೆ ಕಣ್ಣಾರೆ ನೋಡಬಹುದು. ನೋಡುವಾಗ ಒಂದು ಪ್ರಶ್ನೆಯನ್ನು ಕೈಬಿಡದೆ ಹಿಡಿದುಕೊಳ್ಳಬೇಕು: ಈ ಕೆಲಸದಲ್ಲಿ ಲೋಹದ ಪಾಲೆಷ್ಟು, ಅದನ್ನು ಹಿಡಿದಿರುವ ಪ್ರೋಟೀನಿನ ಪಾಲೆಷ್ಟು? ಒಂದೇ ಕಬ್ಬಿಣ ಒಂದು ಕಡೆ ಆಮ್ಲಜನಕವನ್ನು ಹೊರುತ್ತದೆ, ಇನ್ನೊಂದು ಕಡೆ ವಿಷವನ್ನು ಮುರಿಯುತ್ತದೆ, ಮತ್ತೊಂದು ಕಡೆ ಗಾಳಿಯ ಸಾರಜನಕವನ್ನು ಒಡೆಯುತ್ತದೆ. ಯಾವ ಕೆಲಸ ಆಗಬೇಕೆಂಬುದನ್ನು ಲೋಹದ ಸುತ್ತ ಇರುವ ಹಿಡಿತವೇ ತೀರ್ಮಾನಿಸುತ್ತದೆ ಎಂಬುದು ಮುಂದಿನ ಪ್ರತಿಯೊಂದು ಪ್ರಯೋಗದಲ್ಲೂ ಕಾಣಬೇಕಾದ ಸಂಗತಿ.

ಸಿದ್ಧತೆ ಮತ್ತು ಕಾಲ

ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ನಾಟಿ ಮುಗಿದು ಕೈಲ್ ಪೊಳ್ದ್ ಹಬ್ಬ ಬರುವ ಹೊತ್ತಿಗೆ ಗದ್ದೆಯ ಬದುಗಳಲ್ಲಿ ಏಡಿ ಸಿಗುತ್ತದೆ, ಮಣ್ಣು ಹಸಿಯಾಗಿರುವುದರಿಂದ ಗಿಡಗಳ ಬೇರು ಹರಿಯದೆ ಕಿತ್ತುಬರುತ್ತದೆ, ಮಳೆ ಬಿಡುವು ಕೊಟ್ಟರೆ ತೋಟಗಳಲ್ಲಿ ಶಿಲೀಂಧ್ರಗಳನ್ನು ಕೊಲ್ಲುವ ಬೋರ್ಡೋ ದ್ರಾವಣದ ಸಿಂಪಡಣೆಯೂ ನಡೆದಿರುತ್ತದೆ. ಕೆಲವು ಗಾಜಿನ ಲೋಟಗಳು, ಬಿಳಿಯ ಪಿಂಗಾಣಿ ತಟ್ಟೆ, ಹರಿತವಾದ ಬ್ಲೇಡು, ಅಗರಬತ್ತಿ, ಅರಿಶಿನ, ನಿಂಬೆಹಣ್ಣು, ಔಷಧದ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್, ತೋಟದ ಉಗ್ರಾಣದಿಂದ ಒಂದು ಹಿಡಿ ಯೂರಿಯಾ ಮತ್ತು ಸ್ವಲ್ಪ ಮೈಲುತುತ್ತ (ತಾಮ್ರದ ಸಲ್ಫೇಟ್), ಇಷ್ಟಿದ್ದರೆ ಸಾಕು. ಕನ್ನಡಕವೋ ಕಣ್ಣಿನ ರಕ್ಷಣೆಗೆ ಬೇರೇನಾದರೂ ಇರಲಿ.

ಪ್ರತಿ ಪ್ರಯೋಗವನ್ನೂ ಕನಿಷ್ಠ ಎರಡು ಮಾದರಿಗಳಲ್ಲಿ ಮಾಡಬೇಕು: ಒಂದು ಹಸಿಯದು, ಇನ್ನೊಂದು ಚೆನ್ನಾಗಿ ಬೇಯಿಸಿ ಆರಿಸಿದ್ದು. ಬೇಯಿಸಿದಾಗ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆಯೇ ಹೊರತು ಲೋಹ ಎಲ್ಲಿಗೂ ಆವಿಯಾಗಿ ಹೋಗುವುದಿಲ್ಲ. ಆದ್ದರಿಂದ ಹಸಿಯಲ್ಲಿ ನಡೆದು ಬೆಂದದ್ದರಲ್ಲಿ ನಿಂತ ಕೆಲಸ ಯಾವುದೋ ಅದು ಹಿಡಿತದಿಂದ ಆದ ಕೆಲಸ. ಬೆಂದ ಮಾದರಿಯಿಲ್ಲದ ಪ್ರಯೋಗ ನೋಡಲು ಸೊಗಸಾಗಿರಬಹುದು, ಅದರಿಂದ ತಿಳಿಯುವುದು ಮಾತ್ರ ಬಹಳ ಕಡಿಮೆ.

ಲಿವರ್‌ನ ಕಬ್ಬಿಣ ಮತ್ತು ತುಕ್ಕಿನ ಕಬ್ಬಿಣ

ಕೋಳಿಯ ಅಥವಾ ಹಂದಿಯ ಲಿವರ್‌ನಿಂದ ಅಡಿಕೆ ಗಾತ್ರದ ಎರಡು ತುಂಡುಗಳನ್ನು ಕತ್ತರಿಸಿ, ಒಂದನ್ನು ಹತ್ತು ನಿಮಿಷ ಕುದಿಸಿ ಆರಿಸಿಡಿ. ಪೆರಾಕ್ಸೈಡ್ ಶೀಸೆಯ ಮೇಲೆ ಶೇ. 6 ಎಂದಿದ್ದರೆ ಅಷ್ಟೇ ಅಳತೆಯ ನೀರು ಸೇರಿಸಿ ಶೇ. 3ಕ್ಕೆ ಇಳಿಸಿಕೊಳ್ಳಿ. ಇದಕ್ಕಿಂತ ಗಟ್ಟಿಯಾದ ಪೆರಾಕ್ಸೈಡನ್ನು ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಬಳಸಬಾರದು. ಮೂರು ಎತ್ತರದ ಗಾಜಿನ ಲೋಟಗಳಲ್ಲಿ ಎರಡೆರಡು ಬೆರಳಿನಷ್ಟು ದ್ರಾವಣ ಸುರಿದು, ಒಂದಕ್ಕೆ ಹಸಿಯ ತುಂಡು, ಎರಡನೆಯದಕ್ಕೆ ಬೆಂದ ತುಂಡು, ಮೂರನೆಯದಕ್ಕೆ ತುಕ್ಕು ಹಿಡಿದ ಮೊಳೆಯನ್ನು ಹಾಕಿ. ಅನಿಲ ಹೊರಬರುವ ಪ್ರಯೋಗವಾದ್ದರಿಂದ ಮುಚ್ಚಳ ಹಾಕಬಾರದು.

ಹಸಿ ಲಿವರ್ ಇರುವ ಲೋಟದಲ್ಲಿ ನೊರೆ ಕ್ಷಣಾರ್ಧದಲ್ಲಿ ಉಕ್ಕಿ ಅಂಚಿನವರೆಗೆ ಬರುತ್ತದೆ. ಉರಿಯಾರಿಸಿ ಕೆಂಡವಷ್ಟೇ ಉಳಿದ ಅಗರಬತ್ತಿಯನ್ನು ನೊರೆಯ ಮೇಲ್ಭಾಗಕ್ಕೆ ತಂದರೆ ಕೆಂಡ ಪ್ರಜ್ವಲಿಸುತ್ತದೆ, ಕೆಲವೊಮ್ಮೆ ಮತ್ತೆ ಜ್ವಾಲೆಯೇ ಏಳುತ್ತದೆ. ಹೊರಬರುತ್ತಿರುವುದು ಆಮ್ಲಜನಕವೆಂಬುದಕ್ಕೆ ಅದೇ ಪುರಾವೆ. ಮೊಳೆಯ ಲೋಟದಲ್ಲಿ ತಾಳ್ಮೆಯಿಂದ ನೋಡಿದರೆ ಸಣ್ಣ ಗುಳ್ಳೆಗಳು ನಿಧಾನವಾಗಿ ಏಳುವುದು ಕಾಣುತ್ತದೆ. ಬೆಂದ ತುಂಡಿನಿಂದಲೂ ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದೀತು. ಅದನ್ನು ಪ್ರಯೋಗದ ದೋಷವೆಂದು ಕಡೆಗಣಿಸಬೇಡಿ: ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಮುರಿಯುವ ಗುಣ ಕಬ್ಬಿಣಕ್ಕೆ ತಾನಾಗಿಯೇ ಸ್ವಲ್ಪ ಇದೆ. ಹಸಿ ಲಿವರ್‌ನಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಅದೇ ಕಬ್ಬಿಣವನ್ನು ಸರಿಯಾದ ಕೋನದಲ್ಲಿ, ಸರಿಯಾದ ನೆರೆಹೊರೆಯಲ್ಲಿ ಹಿಡಿದು ಆ ಗುಣವನ್ನು ಲಕ್ಷಾಂತರ ಪಟ್ಟು ಹೆಚ್ಚಿಸುತ್ತದೆ. ಕ್ಯಾಟಲೇಸ್‌ನ ಒಂದೊಂದು ಅಣುವೂ ಸೆಕೆಂಡಿಗೆ ದಶಲಕ್ಷಗಳ ಲೆಕ್ಕದಲ್ಲಿ ಪೆರಾಕ್ಸೈಡ್ ಅಣುಗಳನ್ನು ಮುರಿಯಬಲ್ಲದು. ಉಸಿರಾಟದ ಉಪಉತ್ಪನ್ನವಾಗಿ ನಮ್ಮ ಜೀವಕೋಶಗಳಲ್ಲಿ ಸದಾ ಹುಟ್ಟುತ್ತಿರುವ ಪೆರಾಕ್ಸೈಡು ಅಲ್ಲಿಯೇ ಉಳಿದರೆ ಕೋಶವನ್ನು ಸುಡುತ್ತದೆ, ಹಾಗಾಗಿ ಇಷ್ಟು ವೇಗ ಅಗತ್ಯ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಲೇಸು. ಕ್ಯಾಟಲೇಸ್‌ನ ಕಬ್ಬಿಣ ಕುಳಿತಿರುವುದು ಹೀಮ್ ಎಂಬ ಚಪ್ಪಟೆಯಾದ ಉಂಗುರದ ನಡುವೆ, ನಾಲ್ಕು ಸಾರಜನಕಗಳ ಹಿಡಿತದಲ್ಲಿ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಇರುವುದೂ ಅದೇ ಹೀಮ್. ಔಷಧಗಳನ್ನೂ ವಿಷಗಳನ್ನೂ ಮಾರ್ಪಡಿಸಿ ಹೊರಹಾಕಲು ಸಿದ್ಧಪಡಿಸುವ, ಲಿವರ್‌ನದೇ ಇನ್ನೊಂದು ಕಿಣ್ವಸಮೂಹವಾದ ಸೈಟೋಕ್ರೋಮ್ ಪಿ450ಯಲ್ಲಿಯೂ ಅದೇ. ವ್ಯತ್ಯಾಸ ಇರುವುದು ಕಬ್ಬಿಣದ ಐದನೆಯ ಕೊಂಡಿಯಲ್ಲಿ: ಹಿಮೋಗ್ಲೋಬಿನ್‌ನಲ್ಲಿ ಆ ಕೊಂಡಿಯನ್ನು ಹಿಡಿಯುವುದು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ, ಕ್ಯಾಟಲೇಸ್‌ನಲ್ಲಿ ಟೈರೋಸಿನ್, ಪಿ450ಯಲ್ಲಿ ಸಿಸ್ಟೀನ್‌ನ ಗಂಧಕ. ಇದರ ಜೊತೆಗೆ ಆರನೆಯ ಕೊಂಡಿಯ ಬಳಿ ಯಾವ ಅಮೈನೋ ಆಮ್ಲಗಳು ಕಾವಲಿವೆ, ನೀರು ಒಳನುಗ್ಗಬಹುದೇ ಇಲ್ಲವೇ ಎಂಬುದೂ ಸೇರಿ ಒಂದೇ ಉಂಗುರಕ್ಕೆ ಮೂರು ಬೇರೆ ಕಸುಬು ದೊರೆಯುತ್ತದೆ. ಹೀಮ್ ಒಂದನ್ನೇ ನೀರಿನಲ್ಲಿ ಕರಗಿಸಿ ಗಾಳಿಗೆ ಒಡ್ಡಿದರೆ ಅದರ ಕಬ್ಬಿಣ ಬೇಗನೆ ಉತ್ಕರ್ಷಿಸಿ ಆಮ್ಲಜನಕವನ್ನು ಹೊರುವ ಯೋಗ್ಯತೆಯನ್ನು ಕಳೆದುಕೊಳ್ಳುತ್ತದೆ. ಹಿಮೋಗ್ಲೋಬಿನ್‌ನ ಒಳಗಿರುವ ಕಬ್ಬಿಣವಾದರೋ ಆಮ್ಲಜನಕವನ್ನು ಹಿಡಿಯುತ್ತದೆ, ಬಿಡುತ್ತದೆ, ಸಾಮಾನ್ಯವಾಗಿ ತುಕ್ಕಾಗುವುದಿಲ್ಲ.

ಈ ಏರ್ಪಾಟು ಹೇಗಿದೆಯೆಂದು ಪರಮಾಣುಗಳ ಮಟ್ಟದಲ್ಲಿ ತೋರಿಸಿಕೊಟ್ಟವರು ಕೇಂಬ್ರಿಡ್ಜ್‌ನ ಜಾನ್ ಕೆಂಡ್ರ್ಯೂ ಮತ್ತು ಮ್ಯಾಕ್ಸ್ ಪೆರುಟ್ಜ್. ಕೆಂಡ್ರ್ಯೂ ಅವರ ತಂಡ ತಿಮಿಂಗಿಲದ ಸ್ನಾಯುವಿನ ಮಯೋಗ್ಲೋಬಿನ್‌ನ ರಚನೆಯನ್ನು 1958ರಲ್ಲಿ ಪ್ರಕಟಿಸಿತು. 1937ರಲ್ಲಿಯೇ ಹಿಮೋಗ್ಲೋಬಿನ್‌ನ ಹರಳುಗಳನ್ನು ಕೈಗೆತ್ತಿಕೊಂಡಿದ್ದ ಪೆರುಟ್ಜ್ ಅವರಿಗೆ ಅದರ ರಚನೆ ಒಲಿಯಲು ಎರಡು ದಶಕಕ್ಕೂ ಮಿಕ್ಕಿದ ಸಮಯ ಬೇಕಾಯಿತು. ಇಬ್ಬರಿಗೂ 1962ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ವಯಸ್ಕ ದೇಹದಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ ಮಾತ್ರ. ಅದರ ಸುಮಾರು ಮೂರನೇ ಎರಡು ಭಾಗ ಹಿಮೋಗ್ಲೋಬಿನ್‌ನಲ್ಲಿಯೇ ಇರುತ್ತದೆ.

ಮಾಂಸದ ಬಣ್ಣವನ್ನು ಓದುವುದು

ಸ್ನಾಯುವಿನಲ್ಲಿ ಆಮ್ಲಜನಕವನ್ನು ಕೂಡಿಡುವ ಪ್ರೋಟೀನು ಮಯೋಗ್ಲೋಬಿನ್. ಹಂದಿಮಾಂಸದ ದಪ್ಪ ತುಂಡೊಂದನ್ನು ನಡುವಿಗೆ ಸೀಳಿದೊಡನೆ ಒಳಮೈ ನೇರಳೆ ಛಾಯೆಯಲ್ಲಿರುವುದನ್ನು ಗಮನಿಸಿ. ಕಾಲು ಗಂಟೆ ಗಾಳಿಗೆ ಬಿಟ್ಟರೆ ಅದು ತಿಳಿಗೆಂಪಿಗೆ ತಿರುಗುತ್ತದೆ. ಕಬ್ಬಿಣಕ್ಕೆ ಆಮ್ಲಜನಕ ಸೇರಿದ ಗುರುತು ಅದು. ಹೆಚ್ಚು ಕಾಲ ಇಟ್ಟರೆ ಕಬ್ಬಿಣವೇ ಉತ್ಕರ್ಷಿಸಿ ಕಂದಾಗುತ್ತದೆ. ಬೇಯಿಸಿದಾಗಲೂ ಪ್ರೋಟೀನು ಬಿಚ್ಚಿಕೊಂಡು ಕಬ್ಬಿಣ ಅದೇ ಕಂದಿನ ಹಾದಿ ಹಿಡಿಯುತ್ತದೆ. ಕೋಳಿಯ ಎದೆಯ ಮಾಂಸ ಬಿಳಿಚಿಕೊಂಡು ಕಾಲಿನ ಮಾಂಸ ಗಾಢವಾಗಿರಲು ಕಾರಣವೂ ಇದೇ, ಇಡೀ ದಿನ ನಡೆಯುವ ಕಾಲಿಗೆ ಆಮ್ಲಜನಕದ ದಾಸ್ತಾನು ಹೆಚ್ಚು ಬೇಕು. ಈ ವೀಕ್ಷಣೆಯನ್ನು ಹಸಿ ಮಾಂಸದಲ್ಲಿಯೇ ಮುಗಿಸಬೇಕು. ಪಂದಿ ಕರಿಯ ಕಪ್ಪನ್ನು ನೋಡಿ ಕಬ್ಬಿಣದ ಬಗ್ಗೆ ಏನನ್ನೂ ಹೇಳುವಂತಿಲ್ಲ, ಅದು ಹುರಿದ ಮಸಾಲೆಯ ಮತ್ತು ಕಾಚಂಪುಳಿ ಎಂಬ ಕಪ್ಪು ಹುಳಿರಸದ ಬಣ್ಣ.

ಕಬ್ಬಿಣದ ಆರನೆಯ ಕೊಂಡಿಯಲ್ಲಿ ಆಮ್ಲಜನಕದ ಬದಲು ಬೇರೆ ಅಣು ಕುಳಿತರೆ ಏನಾಗುತ್ತದೆ ಎಂಬುದನ್ನು ಪ್ರಯೋಗ ಮಾಡಿ ನೋಡುವಂತಿಲ್ಲ. ಆದರೂ ಕೊಡಗಿನ ಮಳೆಗಾಲದ ಬದುಕಿನಲ್ಲಿ ಅದಕ್ಕೆ ಎರಡು ನಿದರ್ಶನಗಳಿವೆ, ಎರಡನ್ನೂ ತಿಳಿದಿರುವುದು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಕಿಟಕಿ ಬಾಗಿಲು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಹಿಡಿಯುವುದರಿಂದ, ಬಣ್ಣವಿಲ್ಲದ ವಾಸನೆಯಿಲ್ಲದ ಆ ಅನಿಲ ಸ್ವಲ್ಪವೇ ಇದ್ದರೂ ರಕ್ತದ ಸಾಗಾಟ ನಿಂತುಹೋಗುತ್ತದೆ. ಕೆಂಡವನ್ನು ಗಾಳಿಯಾಡುವ ಕಡೆಯಲ್ಲಷ್ಟೇ ಇಡಬೇಕು, ಮಲಗುವ ಮುನ್ನ ಹೊರಗೆ ಹಾಕಬೇಕು. ಎರಡನೆಯದು ಬೈಂಬಳೆ. ಎಳೆ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತವಿದೆ. ಉಸಿರಾಟದ ಕೊನೆಯ ಹಂತದಲ್ಲಿ ಆಮ್ಲಜನಕವನ್ನು ನೀರಾಗಿಸುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಕಬ್ಬಿಣ ಮತ್ತು ತಾಮ್ರ ಎರಡನ್ನೂ ಹಿಡಿದಿರುತ್ತದೆ, ಸಯನೈಡ್ ಹೋಗಿ ಅಂಟಿಕೊಳ್ಳುವುದು ಅಲ್ಲಿಯೇ. ಹೆಚ್ಚಿದ ಬಿದಿರನ್ನು ದಿನವೂ ನೀರು ಬದಲಿಸುತ್ತ ನೆನೆಹಾಕಿ, ಆ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸುವ ಹಿರಿಯರ ಪದ್ಧತಿಯನ್ನು ಅವಸರಕ್ಕೆ ಬಿದ್ದು ಮೊಟಕುಗೊಳಿಸಬಾರದು.

ಏಡಿಯ ನೀಲಿ, ಬದನೆಯ ಕಂದು

ಅಡುಗೆಗೆಂದು ಏಡಿಯನ್ನು ಶುಚಿಮಾಡುವಾಗ ಕಾಲಿನ ಕೀಲು ಮುರಿದ ಕಡೆ ಜಿನುಗುವ ದ್ರವದ ಒಂದೆರಡು ಹನಿಗಳನ್ನು ಬಿಳಿಯ ತಟ್ಟೆಯಲ್ಲಿ ಹಿಡಿಯಿರಿ. ಇದಕ್ಕಾಗಿಯೇ ಏಡಿಯನ್ನು ಕೊಲ್ಲುವ ಅಗತ್ಯವಿಲ್ಲ. ಹನಿ ಮೊದಲಿಗೆ ಬಣ್ಣಗೆಟ್ಟಂತೆ ಕಂಡು, ಗಾಳಿ ತಾಕಿದ ಮೇಲೆ ತೆಳು ನೀಲಿಗೆ ತಿರುಗುತ್ತದೆ. ಏಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಹಿಮೋಸಯನಿನ್, ಅದರಲ್ಲಿ ಎರಡು ತಾಮ್ರದ ಪರಮಾಣುಗಳು ಸೇರಿ ಒಂದು ಆಮ್ಲಜನಕದ ಅಣುವನ್ನು ನಡುವೆ ಹಿಡಿಯುತ್ತವೆ. ಹಿಮೋಗ್ಲೋಬಿನ್‌ನಂತೆ ಇದು ಕಣಗಳೊಳಗೆ ಕುಳಿತಿರದೆ ರಕ್ತದಲ್ಲಿಯೇ ಕರಗಿರುತ್ತದೆ. ತೋಟಗಳಿಗೆ ಪಿಡುಗಾಗಿರುವ ಆಫ್ರಿಕದ ದೈತ್ಯ ಬಸವನಹುಳುವಿನ ರಕ್ತವೂ ಇದೇ ಕಾರಣಕ್ಕೆ ನೀಲಿ. ಆದರೆ ಆ ಹುಳು ಮನುಷ್ಯರ ಮಿದುಳಿಗೆ ತೊಂದರೆ ಕೊಡಬಲ್ಲ ಪರೋಪಜೀವಿಯನ್ನು ಹೊತ್ತಿರಬಹುದಾದ್ದರಿಂದ ಅದನ್ನು ಪ್ರಯೋಗಕ್ಕೆ ಬಳಸಬಾರದು, ಬರಿಗೈಯಲ್ಲಿ ಮುಟ್ಟಲೂಬಾರದು.

ಇದರ ಬೆನ್ನಿಗೇ ಬದನೆ ಅಥವಾ ಆಲೂಗಡ್ಡೆಯ ಪ್ರಯೋಗವನ್ನು ಮಾಡಿದರೆ ಹೆಚ್ಚು ಲಾಭ. ಒಂದೇ ಕಾಯಿಯಿಂದ ನಾಲ್ಕು ಬಿಲ್ಲೆಗಳನ್ನು ಕೊಯ್ದು, ಒಂದನ್ನು ಹಾಗೆಯೇ ಬಿಡಿ, ಒಂದನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟು ತೆಗೆಯಿರಿ, ಒಂದಕ್ಕೆ ನಿಂಬೆರಸ ಸವರಿ, ಇನ್ನೊಂದನ್ನು ಇಡಿಟಿಎ ದ್ರಾವಣದಲ್ಲಿ ಅದ್ದಿ. ಇಡಿಟಿಎ ಎಂದರೆ ಲೋಹಗಳನ್ನು ಕಿತ್ತು ಹಿಡಿದುಕೊಳ್ಳುವ ರಾಸಾಯನಿಕ, ನೀರಿನ ಗಡಸುತನ ಅಳೆಯಲೆಂದು ಪಿಯು ಕಾಲೇಜಿನ ಪ್ರಯೋಗಾಲಯಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಅರ್ಧ ಗಂಟೆಯೊಳಗೆ ಬರಿದೆ ಬಿಟ್ಟ ಬಿಲ್ಲೆ ಕಂದಾಗುತ್ತದೆ, ಬೆಂದದ್ದು ಕಂದಾಗುವುದಿಲ್ಲ, ಇಡಿಟಿಎಯದು ನಿಧಾನವಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ನಿಂಬೆಯ ಬಿಲ್ಲೆಯನ್ನು ತಾಮ್ರದ ಪುರಾವೆಯೆಂದು ಮಂಡಿಸುವವರಿದ್ದಾರೆ, ಆದರೆ ಅದು ಅಷ್ಟು ಶುದ್ಧವಾದ ಪುರಾವೆಯಲ್ಲ: ನಿಂಬೆಯ ಸಿಟ್ರಿಕ್ ಆಮ್ಲ ತಾಮ್ರವನ್ನು ಸ್ವಲ್ಪ ಹಿಡಿಯುತ್ತದೆ, ಅದರ ಹುಳಿಯೇ ಕಿಣ್ವವನ್ನು ಮಂಕಾಗಿಸುತ್ತದೆ, ಸಿ ಜೀವಸತ್ವ ಹುಟ್ಟಿದ ಬಣ್ಣವನ್ನು ಹಿಂದಕ್ಕೆ ತಿರುಗಿಸುತ್ತದೆ, ಮೂರೂ ಒಟ್ಟಿಗೆ ನಡೆಯುತ್ತವೆ. ಕಾಚಂಪುಳಿಯನ್ನು ಬಳಸುವ ಯೋಚನೆ ಯಾರಿಗಾದರೂ ಬಂದರೆ, ಅದರ ಕಪ್ಪೇ ಬಿಲ್ಲೆಗೆ ಹಿಡಿದು ಫಲಿತಾಂಶ ಕಾಣದಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಕಂದು ಬಣ್ಣ ತರಿಸುವ ಕಿಣ್ವದ ಹೆಸರು ಪಾಲಿಫೀನಾಲ್ ಆಕ್ಸಿಡೇಸ್. ಚಹಾ ಎಲೆಯನ್ನು ಹಿಂಡಿ ಗಾಳಿಗೆ ಬಿಟ್ಟಾಗ ಕಪ್ಪು ಚಹಾ ಆಗುವುದು ಇದರಿಂದಲೇ, ಮೊದಲೇ ಬಿಸಿ ತಾಗಿಸಿದ ಎಲೆ ಹಸಿರು ಚಹಾ ಆಗಿ ಉಳಿಯುವುದು ಈ ಕಿಣ್ವ ಕೆಟ್ಟುಹೋದದ್ದರಿಂದ. ಸ್ವಾರಸ್ಯವೆಂದರೆ ಇದರೊಳಗೆ ಇರುವುದೂ ಜೋಡಿ ತಾಮ್ರ, ಅವುಗಳನ್ನು ಹಿಡಿದಿರುವ ಕ್ರಮವೂ ಏಡಿಯ ಹಿಮೋಸಯನಿನ್‌ನಲ್ಲಿ ಇರುವ ಕ್ರಮವೇ. ಆದರೂ ಒಂದು ಆಮ್ಲಜನಕವನ್ನು ಹೊತ್ತು ಹಾಗೆಯೇ ಇಳಿಸುತ್ತದೆ, ಇನ್ನೊಂದು ಅದೇ ಆಮ್ಲಜನಕವನ್ನು ಕಾಯಿ, ಎಲೆಗಳಲ್ಲಿರುವ ಫೀನಾಲ್ ಎಂಬ ಬಗೆಯ ಸಂಯುಕ್ತಗಳ ಮೇಲೆ ಪ್ರಯೋಗಿಸುತ್ತದೆ. ಹಿಮೋಸಯನಿನ್‌ನಲ್ಲಿ ತಾಮ್ರದ ಬಳಿಗೆ ಹೋಗುವ ದಾರಿಗೆ ಪ್ರೋಟೀನಿನದೇ ಒಂದು ಭಾಗ ಅಡ್ಡ ನಿಂತಿದೆ. ಪ್ರಯೋಗಾಲಯದಲ್ಲಿ ಆ ಅಡ್ಡಿಯನ್ನು ಸರಿಸಿದರೆ ಹಿಮೋಸಯನಿನ್ ಕೂಡ ಫೀನಾಲನ್ನು ಕಂದಾಗಿಸತೊಡಗುತ್ತದೆ. ಹಿಡಿತ ಬದಲಾದರೆ ಕಸುಬು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಬೇರುಗಂಟು, ಸುಣ್ಣ ಮತ್ತು ಮಾಲಿಬ್ಡಿನಮ್

ರಸ್ತೆಬದಿಯ ಮುಟ್ಟಿದರೆ ಮುನಿ, ಹಿತ್ತಲಿನ ಅಲಸಂದೆ ಅಥವಾ ಬೀನ್ಸ್, ತೋಟದ ಹಾಲುವಾಣದ ಎಳೆಯ ಸಸಿ, ಇವುಗಳಲ್ಲಿ ಯಾವುದಾದರೊಂದನ್ನು ಹೂ ಬಿಡುವ ಮುನ್ನ ಬುಡಸಮೇತ ಅಗೆದು ತೆಗೆಯಿರಿ. ಎಳೆದು ಕೀಳಿದರೆ ಗಂಟುಗಳು ಮಣ್ಣಿನಲ್ಲಿಯೇ ಉಳಿಯುತ್ತವೆ, ಗುದ್ದಲಿಯಿಂದ ಮಣ್ಣಿನ ಹೆಂಟೆಯೊಡನೆ ಎತ್ತಿ ಬಕೆಟ್ ನೀರಿನಲ್ಲಿ ತೊಳೆಯುವುದು ಸರಿಯಾದ ಕ್ರಮ. ಬೇರಿಗೆ ಅಂಟಿಕೊಂಡ ಸಾಸಿವೆಯಿಂದ ಕಡಲೆ ಗಾತ್ರದವರೆಗಿನ ಗಂಟುಗಳನ್ನು ಬ್ಲೇಡಿನಿಂದ ಸೀಳಿ ತಕ್ಷಣ ಒಳಗಿನ ಬಣ್ಣ ನೋಡಿ. ನಸುಗೆಂಪಾಗಿದ್ದರೆ ಗಂಟು ದುಡಿಯುತ್ತಿದೆ, ಬಿಳಿಯಾಗಿದ್ದರೆ ಇನ್ನೂ ಎಳೆಯದು ಅಥವಾ ನಿಷ್ಫಲವಾದದ್ದು, ಹಸಿರು ಕಂದಾಗಿದ್ದರೆ ಅದರ ಕಾಲ ಮುಗಿದಿದೆ. ಆ ನಸುಗೆಂಪು ಲೆಗ್‌ಹಿಮೋಗ್ಲೋಬಿನ್, ಅಂದರೆ ಗಿಡವೇ ತಯಾರಿಸಿದ ಹಿಮೋಗ್ಲೋಬಿನ್‌ನ ದಾಯಾದಿ. ನಮ್ಮ ರಕ್ತದ ಕೆಂಪಿಗೂ ಮುಟ್ಟಿದರೆ ಮುನಿಯ ಬೇರಿನ ಕೆಂಪಿಗೂ ಕಾರಣ ಒಂದೇ ಹೀಮ್ ಎಂಬುದನ್ನು ಮಕ್ಕಳಿಗೆ ತೋರಿಸಲು ಈ ಒಂದು ಗಂಟು ಸಾಕು.

ಗಿಡಕ್ಕೆ ಇದು ಬೇಕಾದದ್ದಾದರೂ ಏಕೆ? ಗಂಟಿನೊಳಗಿರುವ ಬ್ಯಾಕ್ಟೀರಿಯಾಗಳು ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಗಾಳಿಯ ಸಾರಜನಕವನ್ನು ಅಮೋನಿಯ ಮಾಡುತ್ತವೆ. ಆ ಕಿಣ್ವದ ಹೃದಯಭಾಗದಲ್ಲಿ 7 ಕಬ್ಬಿಣ, 9 ಗಂಧಕ, 1 ಮಾಲಿಬ್ಡಿನಮ್ ಮತ್ತು ನಟ್ಟನಡುವೆ 1 ಇಂಗಾಲದ ಪರಮಾಣು ಸೇರಿದ ಗೊಂಚಲಿದೆ. ಯೂರಿಯಾ ಕಾರ್ಖಾನೆಯಲ್ಲಿ ಅಮೋನಿಯ ತಯಾರಿಸಲು ಕಬ್ಬಿಣದ ಪ್ರಚೋದಕದ ಮೇಲೆ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖವೂ ವಾಯುಮಂಡಲದ ನೂರಾರು ಪಟ್ಟು ಒತ್ತಡವೂ ಬೇಕು, ಗಂಟಿನಲ್ಲಿ ಅದೇ ಕೆಲಸ ಮಣ್ಣಿನ ತಂಪಿನಲ್ಲಿ ನಡೆಯುತ್ತದೆ. ಬೆಲೆ ಇಲ್ಲದೇ ಇಲ್ಲ: ಒಂದು ಸಾರಜನಕದ ಅಣುವಿಗೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುಗಳು ಕನಿಷ್ಠ 16 ಖರ್ಚಾಗುತ್ತವೆ. ಮೇಲಾಗಿ ಆಮ್ಲಜನಕ ತಾಗಿದರೆ ಈ ಗೊಂಚಲು ಹಾಳಾಗುತ್ತದೆ, ಆದರೆ ಎಟಿಪಿ ತಯಾರಿಸಲು ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವೂ ಬೇಕು. ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದು ಬೇಕಾದಷ್ಟನ್ನೇ ಬಿಡುವ ಮೂಲಕ ಈ ಇಕ್ಕಟ್ಟನ್ನು ಬಿಡಿಸುತ್ತದೆ.

ತೋಟಗಾರರಿಗೆ ಇಲ್ಲಿಂದ ನೇರವಾದ ಪ್ರಯೋಜನವಿದೆ. ಭಾರೀ ಮಳೆ ಸುಣ್ಣದಂಶವನ್ನು ತೊಳೆದೊಯ್ಯುವುದರಿಂದ ಕೊಡಗಿನ ಮಣ್ಣು ಸಾಮಾನ್ಯವಾಗಿ ಹುಳಿ. ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಮ್ ಕಬ್ಬಿಣದ ಆಕ್ಸೈಡುಗಳಿಗೆ ಅಂಟಿಕೊಂಡು ಬೇರಿಗೆ ದಕ್ಕುವುದಿಲ್ಲ, ಹಾಗಾಗಿ ಹಾಲುವಾಣ ಎಷ್ಟೇ ಸೊಂಪಾಗಿ ಕಂಡರೂ ಗಂಟುಗಳು ಬಡವಾಗಿರಬಹುದು. ಸುಣ್ಣ ಹಾಕಿ ರಸಸಾರವನ್ನು (ಹುಳಿ ಎಷ್ಟೆಂದು ತೋರಿಸುವ ಪಿಎಚ್ ಅಳತೆ) 6ರ ಮೇಲಕ್ಕೆ ತಂದರೆ ಹೊಸದಾಗಿ ಲೋಹ ಸೇರಿಸದೆಯೇ ಮಾಲಿಬ್ಡಿನಮ್ ಬಿಡುಗಡೆಯಾಗುತ್ತದೆ. ಸುಣ್ಣ ಹಾಕಿದ ಮತ್ತು ಹಾಕದ ಎರಡು ಪಾತಿಗಳಲ್ಲಿ ಅಲಸಂದೆ ಬಿತ್ತಿ ಆರು ವಾರಗಳ ಬಳಿಕ ಕೆಂಪು ಗಂಟುಗಳನ್ನು ಎಣಿಸಿ ಹೋಲಿಸುವುದು ಶಾಲೆಯ ತೋಟಕ್ಕೆ ತಕ್ಕ ಪ್ರಯೋಗ. ಆದರೆ ಸುಣ್ಣ ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿಯುವಂತಿಲ್ಲ. ರಸಸಾರ ಏರಿದಂತೆ ಮಾಲಿಬ್ಡಿನಮ್ ಸಿಗುವುದು ಹೆಚ್ಚುತ್ತದೆ, ಸತು ಮತ್ತು ಮ್ಯಾಂಗನೀಸ್ ಸಿಗುವುದು ಕಡಿಮೆಯಾಗುತ್ತದೆ. ಎಲೆಯಲ್ಲಿ ನೀರನ್ನು ಸೀಳುವ ಕೇಂದ್ರಕ್ಕೆ 4 ಮ್ಯಾಂಗನೀಸ್ ಮತ್ತು 1 ಕ್ಯಾಲ್ಸಿಯಂ ಬೇಕು, ಸತುವಿನ ಅಗತ್ಯವಂತೂ ಲೆಕ್ಕವಿಲ್ಲದಷ್ಟು ಪ್ರೋಟೀನುಗಳಿಗಿದೆ. ಮಣ್ಣು ಪರೀಕ್ಷೆ ಮಾಡಿಸದೆ ಅಂದಾಜಿನ ಮೇಲೆ ಸುಣ್ಣ ಚೆಲ್ಲುವುದು ಒಂದು ಕಿಣ್ವಕ್ಕೆ ಉಣಿಸಿ ಇನ್ನೊಂದನ್ನು ಉಪವಾಸ ಕೆಡವಿದಂತೆ.

ಸತುವಿಗೆ ಬಣ್ಣವಿಲ್ಲ, ಆದ್ದರಿಂದ ಅದರ ಪ್ರೋಟೀನುಗಳನ್ನು ಹೀಗೆ ಕಣ್ಣಿನಿಂದ ಹಿಡಿಯಲಾಗದು, ಕೊರತೆಯಿಂದಲೇ ಗುರುತಿಸಬೇಕು. ಕಾಫಿ ಗಿಡದ ತುದಿಯ ಎಲೆಗಳು ಕಿರಿದಾಗಿ, ನರಗಳ ನಡುವೆ ಬಿಳಿಚಿಕೊಂಡು, ಗೆಣ್ಣುಗಳ ಅಂತರ ಕುಗ್ಗಿ ಗೊಂಚಲುಗಟ್ಟಿದಂತೆ ಕಂಡರೆ ಸತುವಿನ ಕೊರತೆಯ ಸಂಶಯಪಡಬಹುದು. ಸತುವಿನ ಸಲ್ಫೇಟನ್ನು ಎಲೆಗೆ ಸಿಂಪಡಿಸುವುದು ಇದಕ್ಕಾಗಿಯೇ. ನಮ್ಮ ಕೆಂಪು ರಕ್ತಕಣದಲ್ಲಿ ಇಂಗಾಲದ ಡೈಆಕ್ಸೈಡನ್ನು ಕರಗುವ ರೂಪಕ್ಕೆ ತರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಮೂರು ಹಿಸ್ಟಿಡಿನ್‌ಗಳಿಂದ ಒಂದು ಸತುವನ್ನು ಹಿಡಿದು ಸೆಕೆಂಡಿಗೆ ಹತ್ತು ಲಕ್ಷದಷ್ಟು ಅಣುಗಳನ್ನು ಮಾರ್ಪಡಿಸುತ್ತದೆ. ಅದರಲ್ಲಿ ಸತುವಿದೆಯೆಂದು 1940ರಲ್ಲಿ ತೋರಿಸಿದವರು ಕೀಲಿನ್ ಮತ್ತು ಮ್ಯಾನ್.

ಯೂರಿಯಾ ಮತ್ತು ಅರಿಶಿನದ ಕಾಗದ

ಹಸಿ ಸೋಯಾ ಅವರೆಯನ್ನು ಪುಡಿಮಾಡಿ, ಒಂದು ಚಮಚ ಪುಡಿಯನ್ನು ಅರ್ಧ ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಸೋಸಿಕೊಳ್ಳಿ. ಅದಕ್ಕೆ ಅರ್ಧ ಚಮಚ ಯೂರಿಯಾ ಹಾಕಿ. ಹುರಿದ ಸೋಯಾದಿಂದ ಇದೇ ರೀತಿ ಎರಡನೆಯ ಲೋಟವನ್ನೂ, ಬರೀ ಯೂರಿಯಾ ನೀರಿನಿಂದ ಮೂರನೆಯದನ್ನೂ ಸಿದ್ಧಮಾಡಿ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಅರ್ಧ ಗಂಟೆಯ ನಂತರ ಮೂರರಲ್ಲಿಯೂ ಅದ್ದಿ ನೋಡಿದರೆ ಹಸಿ ಸೋಯಾದ ಲೋಟದಲ್ಲಿ ಮಾತ್ರ ಹಳದಿ ಕೆಂಪಿಗೆ ತಿರುಗುತ್ತದೆ, ಅಮೋನಿಯದ ಘಾಟೂ ಬರುತ್ತದೆ. ಹಸಿ ಸೋಯಾದಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಮುರಿದು ಅಮೋನಿಯ ಮಾಡಿದ ಗುರುತು ಅದು. ಸೋಯಾ ಸಿಗದಿದ್ದರೆ ಹುರುಳಿಯೂ ಆದೀತು, ಹೆಚ್ಚು ಹೊತ್ತು ಕಾಯಬೇಕು. ಈ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸಬಾರದು. ತೋಟದಲ್ಲಿ ಯೂರಿಯಾವನ್ನು ಮೇಲ್ಮಣ್ಣಿನಲ್ಲಿ ಚೆಲ್ಲಿ ಮುಚ್ಚದೆ ಬಿಟ್ಟಾಗ ಸಾರಜನಕ ಗಾಳಿಪಾಲಾಗುವುದಕ್ಕೆ ಮಣ್ಣಿನ ಸೂಕ್ಷ್ಮಜೀವಿಗಳಲ್ಲಿರುವ ಇದೇ ಯೂರಿಯೇಸ್ ಕಾರಣ.

ಯೂರಿಯೇಸ್‌ನ ಇತಿಹಾಸವನ್ನು ಬಿಡುವಂತಿಲ್ಲ. ಅಮೆರಿಕದ ಜೇಮ್ಸ್ ಸಮ್ನರ್ ಹದಿಹರೆಯದಲ್ಲಿ ಬೇಟೆಗೆ ಹೋದಾಗ ಗುಂಡು ತಗಲಿ ಎಡಗೈಯನ್ನು ಕಳೆದುಕೊಂಡವರು, ಒಂಟಿ ಕೈಯಲ್ಲಿ ರಸಾಯನಶಾಸ್ತ್ರ ಮಾಡಲಾಗದೆಂದು ಹಲವರು ಹೇಳಿದರೂ ಕೇಳಲಿಲ್ಲ. ಅವರು 1926ರಲ್ಲಿ ಒಂದು ಜಾತಿಯ ಅವರೆಯಿಂದ ಯೂರಿಯೇಸನ್ನು ಹರಳುಗಟ್ಟಿಸಿ, ಕಿಣ್ವವೆಂದರೆ ಪ್ರೋಟೀನು ಎಂದು ಸಾರಿದರು. 1946ರಲ್ಲಿ ನೊಬೆಲ್ ಗೌರವವೂ ಸಂದಿತು. ಆದರೆ ಆ ಹರಳಿನೊಳಗೆ ನಿಕ್ಕಲ್ ಇದೆಯೆಂಬುದು ತಿಳಿದದ್ದು 1975ರಲ್ಲಿ. ನಿಕ್ಕಲ್ ಯಾವ ಜೀವಿಗೂ ಬೇಕಾಗಿರಲಾರದೆಂಬ ನಂಬಿಕೆಯಿಂದ ಅರ್ಧ ಶತಮಾನ ಯಾರೂ ಅದನ್ನು ಅಲ್ಲಿ ಹುಡುಕಲಿಲ್ಲ.

ತಾಮ್ರ ಕೊಲ್ಲುವ ಬಗೆ: ಬೋರ್ಡೋ ದ್ರಾವಣ ಮತ್ತು ಚಾಕು

ಕಾಳುಮೆಣಸಿನ ಸೊರಗು ರೋಗಕ್ಕೂ ಕಾಫಿಯ ಎಲೆ ರೋಗಗಳಿಗೂ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣವನ್ನು 100 ಲೀಟರಿಗೆ ತಲಾ 1 ಕಿಲೋ ಮೈಲುತುತ್ತ ಮತ್ತು ಸುಣ್ಣದ ಲೆಕ್ಕದಲ್ಲಿ ಮಾಡುತ್ತಾರೆ. ಪ್ರಯೋಗಕ್ಕೆ 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ, ಎರಡನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ. ಕೈಗವಸು ತೊಟ್ಟಿರಬೇಕು. ಮೊದಲು ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚಾಕುವನ್ನು ಮೈಲುತುತ್ತದ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಅಲಗಿಗೆ ಕೆಂಬಣ್ಣದ ತಾಮ್ರ ಹಿಡಿದಿರುತ್ತದೆ. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕುಳಿತಿದೆ. ಬಳಿಕ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಕಲಕುತ್ತ ಸುರಿದು, ಚಾಕುವನ್ನು ಮತ್ತೆ ಉಜ್ಜಿ ಅದ್ದಿ. ಕೆಂಪು ಹಿಡಿಯದಿದ್ದರೆ ದ್ರಾವಣ ಸರಿಯಾಗಿದೆ, ಹಿಡಿದರೆ ಇನ್ನಷ್ಟು ಸುಣ್ಣ ಬೇಕು, ಇಲ್ಲವಾದರೆ ಬಿಡಿಯಾಗಿ ಉಳಿದ ತಾಮ್ರ ಎಲೆಯನ್ನೇ ಸುಡುತ್ತದೆ. ಕೊಡಗಿನ ತೋಟದ ಕೆಲಸಗಾರರಿಗೆ ಈ ಚಾಕುವಿನ ಪರೀಕ್ಷೆ ಹೊಸದಲ್ಲ, ಅದರ ಹಿಂದಿರುವ ರಸಾಯನಶಾಸ್ತ್ರವನ್ನು ಪಾಠದೊಡನೆ ಕೂಡಿಸುವುದಷ್ಟೇ ಇಲ್ಲಿನ ಉದ್ದೇಶ.

ಜೀವಕೋಶದೊಳಗಿನ ಲೋಹಗಳಲ್ಲಿ ತಾಮ್ರ ಅತಿ ಬಿಗಿಯಾಗಿ ಅಂಟುವಂಥದು. ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ತಾಮ್ರ ಎಂಬ ಕ್ರಮದಲ್ಲಿ ಪ್ರೋಟೀನಿನ ಕೊಂಡಿಗಳಿಗೆ ಅಂಟುವ ಶಕ್ತಿ ಏರುತ್ತ ಹೋಗಿ ಸತುವಿನಲ್ಲಿ ಮತ್ತೆ ಇಳಿಯುತ್ತದೆ. ಬಿಡಿ ತಾಮ್ರ ಒಳಹೊಕ್ಕರೆ ಬೇರೆ ಲೋಹಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕುಳಿತು, ಗಂಧಕದ ತುದಿಗಳನ್ನು ಹಿಡಿದು ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಎಲೆಯ ಮೇಲೆ ಮೊಳೆಯಲು ಹೊರಟ ಶಿಲೀಂಧ್ರದ ಬೀಜಕಗಳು ಸಾಯುವುದು ಹೀಗೆ. ತಾಮ್ರ ಅವಶ್ಯಕವಾದ ಜೀವಿಗಳೂ ಇದೇ ಕಾರಣಕ್ಕೆ ಅದನ್ನು ಸ್ವತಂತ್ರವಾಗಿ ಅಲೆದಾಡಲು ಬಿಡುವುದಿಲ್ಲ: ಯೀಸ್ಟ್ ಕೋಶದೊಳಗೆ ಒಂದೇ ಒಂದು ಬಿಡಿ ತಾಮ್ರದ ಅಯಾನೂ ಉಳಿಯದಷ್ಟು ಬಿಗಿಯಾದ ವ್ಯವಸ್ಥೆ ಇದೆ, ವಾಹಕ ಪ್ರೋಟೀನುಗಳು ತಾಮ್ರವನ್ನು ಕೈಯಿಂದ ಕೈಗೆ ದಾಟಿಸುತ್ತ ಅದು ಸೇರಬೇಕಾದ ಕಿಣ್ವಕ್ಕೇ ಒಪ್ಪಿಸುತ್ತವೆ.

ಉಳಿದ ದ್ರಾವಣವನ್ನು ತೋಡಿಗೋ ಗದ್ದೆಯ ಕಾಲುವೆಗೋ ಸುರಿಯಬೇಡಿ, ಮೀನಿನ ಕಿವಿರುಗಳಿಗೆ ತಾಮ್ರದ ಅಲ್ಪಾಂಶವೂ ಮಾರಕ. ತೋಟದಲ್ಲಿ ಅಂದು ಸಿಂಪಡಣೆಗೆ ತಯಾರಾಗುತ್ತಿರುವ ಪೀಪಾಯಿಗೆ ಅದನ್ನು ಸೇರಿಸಿಬಿಡುವುದು ಎಲ್ಲಕ್ಕಿಂತ ಸುಲಭ. ಕಟ್ಟಿದ ದ್ರಾವಣ ಮರುದಿನಕ್ಕೆ ಸತ್ವ ಕಳೆದುಕೊಳ್ಳುವುದರಿಂದ ಅದೇ ದಿನ ಬಳಸಿ ಮುಗಿಸಬೇಕು.